ಏರಿಸಿದ ಬಳೆಗಳು

ಸೆಪ್ಟೆಂಬರ್ 26, 2023, ಮಂಗಳವಾರ, ಬೆಳಿಗ್ಗೆ 10.20. ದಿನಚರಿಯಲ್ಲಿ ಆ ದಿನದ ಮೊದಲ ಸಾಲು ಇಷ್ಟೇ: "ಎಡಗೈ, ಸದ್ದಿಲ್ಲ."

ಆಗ ನಾನು ಹೊಸ ಡಾಕ್ಟರು. ಪುಟ್ಟ ಸ್ಕ್ಯಾನಿಂಗ್ ಯಂತ್ರವನ್ನು ಬೆನ್ನಿನ ಚೀಲದಲ್ಲಿಟ್ಟುಕೊಂಡು ಸೋಮವಾರ ಅರಕಲಗೂಡು, ಗುರುವಾರ ಚನ್ನರಾಯಪಟ್ಟಣ, ಮಂಗಳವಾರ ಮತ್ತು ಶುಕ್ರವಾರ ಹೊಳೆನರಸೀಪುರ ಎಂದು ಬಸ್ಸಿನಲ್ಲಿ ಸುತ್ತುತ್ತಿದ್ದೆ. ರೋಗಿಯ ಹಾಸಿಗೆಯ ಪಕ್ಕದಲ್ಲೇ ಕುಳಿತು ನೋಡುವ ಕೆಲಸ. ಆ ತಿಂಗಳ ಲೆಕ್ಕ: ಮೂತ್ರಪಿಂಡ 38, ಹೃದಯ 21, ರಕ್ತನಾಳ 17. ಈಗ ಹಾಸನದಲ್ಲಿ ದೊಡ್ಡ ಯಂತ್ರವಿದೆ, ತಣ್ಣನೆಯ ಕೋಣೆಯಿದೆ, ರೋಗಿಗಳೇ ನನ್ನ ಬಳಿ ಬರುತ್ತಾರೆ. ಆದರೂ ಮಂಗಳವಾರ ಬಂತೆಂದರೆ ಹೊಳೆನರಸೀಪುರದ ಆ ಏಳು ಹಾಸಿಗೆಗಳ ಡಯಾಲಿಸಿಸ್ ಕೋಣೆ, ಕಿಟಕಿಯಲ್ಲಿ ಒಣಗುವ ಟವೆಲುಗಳು, ಯಾರು ಯಾವ ಬಸ್ಸಿಗೆ ಬಂದರೆಂಬ ಮಾತುಕತೆ ನೆನಪಾಗುತ್ತವೆ.

ಆ ಮಂಗಳವಾರ ಅಲ್ಲಿ ನೋಡಿದ್ದು ಹಳೇಕೋಟೆ ಕಡೆಯ ಒಬ್ಬ ಹೆಂಗಸನ್ನು. ಆಕೆಗೆ ಐವತ್ತು ದಾಟಿತ್ತು. ಡಯಾಲಿಸಿಸ್ ಸೂಜಿಗೆಂದು ಎಡ ಮಣಿಕಟ್ಟಿನಲ್ಲಿ ಎರಡು ರಕ್ತನಾಳ ಜೋಡಿಸಿದ್ದರು. ಅಲ್ಲಿ ಬೆರಳಿಟ್ಟರೆ ದುಂಬಿಯನ್ನು ಮುಷ್ಟಿಯಲ್ಲಿ ಹಿಡಿದಂತೆ ಗುಂಯ್‌ಗುಡಬೇಕು. ಅಂದು ಗುಂಯ್ ಎನ್ನಲಿಲ್ಲ. ನಾಳ ಮುಚ್ಚಿದ್ದರೆ ಕುತ್ತಿಗೆಗೆ ಕೊಳವೆ, ಇನ್ನೊಂದು ಕೈಗೆ ಆಪರೇಷನ್. ಬಲಗೈಯ ನಾಳಗಳೋ ಸಣ್ಣವು. ಅದು ಆಕೆಗೂ ಗೊತ್ತಿತ್ತು.

"ನಿಂತೋಯ್ತಾ ಸಾ?"

"ನೋಡ್ತೀನಮ್ಮ, ಇರಿ."

ಹೆಪ್ಪು ಕಾಣಲಿಲ್ಲ. ರಕ್ತ ಹರಿಯುತ್ತಿತ್ತು, ಆದರೆ ತೆವಳಿಕೊಂಡು. ನಾಳದ ಜಾಡು ಹಿಡಿದು ಮೇಲೆ ಹೋದೆ. ಮೊಣಕೈಗೆ ನಾಲ್ಕು ಬೆರಳು ಕೆಳಗೆ ಏನೋ ತಗುಲಿತು. ಸೆರಗು ಸರಿಸಿದರೆ ಗೌರಿ ಹಬ್ಬದ ಹಸಿರು ಗಾಜಿನ ಬಳೆಗಳು, ಹನ್ನೊಂದು, ಚರ್ಮಕ್ಕೆ ಕಚ್ಚಿಕೊಂಡು ನಾಳವನ್ನು ಒತ್ತಿ ಹಿಡಿದಿದ್ದವು.

"ಇಷ್ಟು ಮೇಲಕ್ಕೆ ಯಾಕಮ್ಮಾ ಏರಿಸ್ಕೊಂಡಿದ್ದೀರಿ?"

"ನೀವೇ ಅಲ್ವಾ ಸಾ ಶುಕ್ರವಾರ ಏರ್ಸಿದ್ದು? ಡಾಕ್ಟ್ರು ಏರ್ಸವ್ರೆ ಅಂತ ಅಂಗೇ ಬುಟ್ಟಿವ್ನಿ."

ಪಕ್ಕದಲ್ಲಿ ಕುಳಿತಿದ್ದ ಗಂಡ ತಲೆ ಕೊಡವಿದರು. "ಇಳ್ಸಮ್ಮಿ ಅಂತ ಬಡ್ಕಂಡೆ ಸಾ. ಕೇಳ್ಬೇಕಲ್ಲ."

"ನೀನೇನ್ ಡಾಕ್ಟ್ರಾ? ಸುಮ್ಕಿರು."

ದಿನಚರಿ ತಿರುವಿದೆ. ಶುಕ್ರವಾರ, ಡಯಾಲಿಸಿಸ್ ಮುಗಿದ ಮೇಲೆ: "ಬಳೆ ಮೇಲೆ ಸರಿಸಿ ನೋಡಿದೆ. ಹರಿವು ಚೆನ್ನಾಗಿದೆ." ಇಳಿಸಿದ್ದು ಬರೆದಿರಲಿಲ್ಲ. ಇಳಿಸಿಯೇ ಇರಲಿಲ್ಲ.

ನರ್ಸಮ್ಮ ಸೋಪಿನ ನೀರು ತಂದು ಒಂದೊಂದಾಗಿ ಜಾರಿಸಿದರು. ಎರಡು ಒಡೆದವು. ಬರಿದಾದ ಕೈಯನ್ನು ಆಕೆ ಹೊದಿಕೆಯಡಿ ಮುಚ್ಚಿಟ್ಟುಕೊಂಡರು. ಉಳಿದ ಒಂಬತ್ತನ್ನು ಗಂಡ ಒರೆಸಿ, ಆಕೆಯ ಬಲಗೈಗೆ ತೊಡಿಸಿದರು. 11.05ಕ್ಕೆ ಮತ್ತೆ ಬೆರಳಿಟ್ಟೆ.

"ಬಂತಾ ಸಾ?"

ಆಕೆಯ ಬೆರಳನ್ನೇ ಅಲ್ಲಿಟ್ಟೆ. ಗುಂಯ್‌ಗುಡುತ್ತಿತ್ತು. ಆಕೆ ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

ಅಂದಿನಿಂದ ನಾನು ಬಳೆ ಸರಿಸುವುದಿಲ್ಲ, ತೆಗೆಯಲು ಕೇಳುತ್ತೇನೆ. ಕೆಲವರು ಒಪ್ಪುತ್ತಾರೆ. ಒಂದು ಕೈ ಬೋಳಾಗಿ ಮನೆಗೆ ಹೋಗಲಾರೆವು ಎನ್ನುವವರಿಗೆ ಏನು ಹೇಳಬೇಕೋ ಇನ್ನೂ ತಿಳಿದಿಲ್ಲ. ನಿಮ್ಮೂರಿನ ಡಯಾಲಿಸಿಸ್ ಕೋಣೆಯಲ್ಲಿ, ನಿಮ್ಮ ಮನೆಯಲ್ಲಿ ಇದಕ್ಕೊಂದು ದಾರಿ ಕಂಡುಕೊಂಡಿದ್ದರೆ ದಯವಿಟ್ಟು ಎರಡು ಸಾಲು ಬರೆದು ತಿಳಿಸಿ.