ಹಿತ್ತಲಿನ ಹೊತ್ತಿಸದ ಒಲೆ

ನನ್ನ ಅತ್ತೆ ಯಾರ ಮುಂದೆಯೂ ಕೈ ಒಡ್ಡಿದವರಲ್ಲ. ಎಲೆ ತೀರಿದರೆ ಎರಡು ದಿನ ಬರೀ ಅಡಿಕೆ ಜಗಿಯುತ್ತ, ಕೇಳಿದರೆ "ಹಲ್ಲು ನೋಯಾಕತ್ತಾವ, ಎಲಿ ಬ್ಯಾಡ" ಎನ್ನುತ್ತಿದ್ದರು. ಹಲ್ಲು ನೋಯುವವರು ಎಲೆ ಬಿಟ್ಟು ಅಡಿಕೆ ಕಡಿಯುತ್ತಾರೆಯೇ? ಮಗನನ್ನು ಕೇಳಲು ಅಭಿಮಾನ, ನನ್ನನ್ನು ಕೇಳಲು ಇನ್ನೂ ಹೆಚ್ಚು ಅಭಿಮಾನ.

ಎಂಬತ್ತರ ದಶಕದಲ್ಲಿ ಅವರು ಅತನೂರಿನಿಂದ ಅಫಜಲಪುರಕ್ಕೆ ಬಂದು ನಮ್ಮ ಜೊತೆ ಉಳಿದರು. ನಾನು ಶಾಲೆಯ ಶಿಕ್ಷಕಿ, ಯಜಮಾನರಿಗೂ ನೌಕರಿ. ಅತ್ತೆಯ ಕೈಯಲ್ಲಿ ಅವರದೇ ಅನ್ನುವ ನಾಲ್ಕು ಕಾಸು ಇರಲಿ ಎಂದು ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕಿಸಿದೆ. ದುಡಿಯುವ ಮಗನ ಮನೆಯಲ್ಲಿ ಉಣ್ಣುವವರಿಗೆ ಅದು ಸಿಗುವುದಿಲ್ಲ ಎಂದು ಆಮೇಲೆ ತಿಳಿಯಿತು. ಒಲೆ ಬೇರೆಯಿದ್ದರೆ ಮನೆಯೂ ಬೇರೆ ಎಂದು ಬರೆದುಕೊಳ್ಳುತ್ತಾರೆ ಎಂದು ಯಾರೋ ಹೇಳಿದ್ದೇ ತಡ, ಹಿತ್ತಲಲ್ಲಿ ಮಣ್ಣಿನ ಒಲೆ ಹೂಡಿಸಿದೆ. ಮಕ್ಕಳಿಗೆ ನಿಜ ಹೇಳಿರೆಂದು ಪಾಠ ಮಾಡುವ ಟೀಚರಮ್ಮ ನಾನು!

ಅತ್ತೆ ದಿನಾ ಆ ಒಲೆ ಸಾರಿಸಿ, ವಿಭೂತಿ ಎಳೆದು, ಮೇಲೊಂದು ಹೂವಿಟ್ಟರು. ಬೆಂಕಿ ಮಾತ್ರ ಹಚ್ಚಲಿಲ್ಲ. ಅರ್ಜಿಯ ತಪಾಸಣೆಗೆ ಕಚೇರಿಯ ಸಾಹೇಬರು ಬಂದ ದಿನ ನೋಡಿದರೆ, ಅದರ ಮೇಲೆ ಮಸಿಯ ಒಂದು ಗೆರೆಯೂ ಇಲ್ಲ.

"ಆಯಿ, ಇದರ ಮ್ಯಾಲ ರೊಟ್ಟಿ ಮಾಡ್ತೀರೇನ್ರಿ?" ಎಂದು ಸಾಹೇಬರು ಕೇಳಿದರು.

ಹೂಂ ಅನ್ನಿರೆಂದು ನಾನು ಹಿಂದಿನಿಂದ ಕಣ್ಸನ್ನೆ ಮಾಡಿದೆ. ಅತ್ತೆ ನೋಡಿದರು, ನೋಡದವರಂತೆ ತಿರುಗಿದರು.

"ಇಲ್ಲ ಯಪ್ಪಾ. ಇದಕ್ಕ ಬೆಂಕಿ ಹಚ್ಚಿದ್ರ, ಮಗ ಸೊಸಿ ಮುದುಕೀನ ಬ್ಯಾರೆ ಇಟ್ಟಾರ ಅಂತ ಮಂದಿ ಅಂತಾರ. ನನ್ನ ಸೊಸಿ ಸಾಲಿಗಿ ಹೋಗಾಕಿ. ಆದ್ರೂ ನಸುಕಿನ್ಯಾಗ ಎದ್ದು ರೊಟ್ಟಿ ಬಡದು, ನನಗ ಉಣ್ಣಾಕ ಹಾಕೇ ಹೋಗ್ತಾಳ."

ಸಾಹೇಬರು ನನ್ನನ್ನು ಮೆಚ್ಚುಗೆಯಿಂದ ನೋಡಿ, ಅರ್ಜಿಯ ಮೇಲೆ ಗೀಟು ಎಳೆದು ಹೊರಟರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅತ್ತೆ ಬಂದ ಮೇಲೆ ಆ ಮನೆಯಲ್ಲಿ ನಾನು ಒಂದೇ ಒಂದು ರೊಟ್ಟಿಯನ್ನೂ ಬಡಿದಿರಲಿಲ್ಲ! ನಸುಕಿನಲ್ಲಿ ಏಳುತ್ತಿದ್ದವರು ಅವರು, ನನ್ನ ಡಬ್ಬಿ ಕಟ್ಟುತ್ತಿದ್ದವರು ಅವರು. ನನ್ನ ಪುಟ್ಟ ಮಗುವನ್ನೂ ಅವರ ಮಡಿಲಿಗೆ ಹಾಕಿ ನಾನು ನೌಕರಿ ಉಳಿಸಿಕೊಂಡಿದ್ದೆ.

ನಾಚಿಕೆ ಸಿಟ್ಟಾಗಿ ಹೊರಬಂತು. "ಬರೋ ರೊಕ್ಕ ಕಳಕೊಂಡ್ರಿ ಅತ್ತಿ" ಎಂದೆ.

"ಹೋಗ್ಲಿ ಬಿಡವ್ವ. ನಿನಗ ಕೆಟ್ಟ ಹೆಸರು ತಂದು ನಾ ಎಲಿ ತಿನ್ನಲೇನು?" ಎಂದರು.

ನನ್ನ ಮುಂದಿನ ಪಗಾರ ಬಂದ ಮರುದಿನ ಬೆಳಿಗ್ಗೆ, ಒಳಗಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವರ ಮುಂದೆ ಕೆಲವು ನೋಟು ಹಿಡಿದೆ.

"ಮನಿ ಕೆಲಸಕ್ಕ ಪಗಾರ ಕೊಡಾಕತ್ತೀಯೇನ?" ಎಂದು ಮುಖ ಗಂಟಿಕ್ಕಿದರು.

"ಅಲ್ರಿ ಅತ್ತಿ, ನಿಮ್ಮ ಪಿಂಚಣಿ. ಮಂಜೂರ ಆಗ್ಯಾದ. ತಿಂಗಳ ತಿಂಗಳಾ ಬರ್ತದ."

ಅತ್ತೆ ನಕ್ಕುಬಿಟ್ಟರು. "ಹಂಗಾದ್ರ ಹೆಬ್ಬೆಟ್ಟು ಎಲ್ಲಿ ಒತ್ತಲಿ?"

ನಾನು ಅಂಗೈ ಚಾಚಿದೆ. ಜೋಳದ ಹಿಟ್ಟು ಮೆತ್ತಿದ್ದ ಹೆಬ್ಬೆರಳನ್ನು ಅದರ ನಡುವೆ ಒತ್ತಿದರು. ಆ ದಿನ ನಾನು ಕೈ ತೊಳೆಯದೆಯೇ ಶಾಲೆಗೆ ಹೋದೆ.