ಎಲ್ಲಿಗೆ ಎಂಬ ಖಾನೆ

ಭೂಕಂಪದಲ್ಲಿ ಮನೆ ಬಿದ್ದ ಮೇಲೆ ನನ್ನ ಅಕ್ಕನಿಗೆ ಸರ್ಕಾರ ಊರಾಚೆ ಕಟ್ಟಿಸಿದ ಹೊಸ ವಸ್ತಿಯಲ್ಲಿ ಮನೆ ಸಿಕ್ಕಿತು. ಮನೆ ಗಟ್ಟಿಮುಟ್ಟಾಗಿತ್ತು, ಬಸ್ಸು ಮಾತ್ರ ಇರಲಿಲ್ಲ. ಅಕ್ಕ ಉಮರ್ಗಾದಲ್ಲಿ ಹುಡುಗಿಯರ ವಸತಿನಿಲಯವೊಂದಕ್ಕೆ ರೊಟ್ಟಿ ಬಡಿಯುತ್ತಿದ್ದಳು. ಮೊಣಕಾಲು ನೋವು ಇಟ್ಟುಕೊಂಡೇ ದಿನಾ ಮೂರು ಮೈಲಿ ನಡೆದು ಬರುವುದು, ಮತ್ತೆ ಅಷ್ಟೇ ನಡೆದು ಹೋಗುವುದು.

ನನ್ನದು ಅದೇ ಊರಿನ ಬಸ್‌ಸ್ಟ್ಯಾಂಡಿನ ಎದುರು ತಾಸಿನ ಬಾಡಿಗೆಯ ಸೈಕಲ್ ಅಂಗಡಿ. ಒಂದು ದಿನ ಬಸ್ಸಿನ ಸರ್ವೆ ಸಾಹೇಬರು ಬಂದು 'ಹೆಸರು', 'ಎಲ್ಲಿಗೆ' ಎಂದು ಗೆರೆ ಎಳೆದು ಖಾನೆ ಹಾಕಿದ ವಹಿಯೊಂದನ್ನು ಕೈಗಿಟ್ಟರು. ಸೈಕಲ್ ಒಯ್ಯುವವರು ಎಲ್ಲಿಗೆ ಹೋಗುತ್ತಾರೆಂದು ಒಂದು ತಿಂಗಳು ಬರೆದಿಡಬೇಕಂತೆ. ಹೆಚ್ಚು ಜನ ಎತ್ತ ಹೋಗುತ್ತಾರೋ ಅತ್ತ ಹೊಸ ಬಸ್ಸು. ನನಗೆ ಹಿಗ್ಗೋ ಹಿಗ್ಗು. ನನ್ನ ಅರ್ಧಕ್ಕರ್ಧ ಸೈಕಲ್ಲುಗಳು ಹೋಗುತ್ತಿದ್ದುದೇ ಅಕ್ಕನ ವಸ್ತಿಗೆ. ಟೈರಿಗೆ ಮೆತ್ತಿಕೊಂಡು ಬರುವ ಅಲ್ಲಿನ ಕೆಂಪು ಮಣ್ಣೇ ಅದನ್ನು ಹೇಳುತ್ತಿತ್ತು.

ಆದರೆ ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ. ಇದು ನಮ್ಮ ಕಡೆ ಕೂಸಿಗೂ ಗೊತ್ತು, ಸಾಹೇಬರಿಗೆ ಗೊತ್ತಿರಲಿಲ್ಲ. ಮೊದಲ ದಿನ, ಹಣೆತುಂಬ ವಿಭೂತಿ ಹಚ್ಚಿದ ಗುಂಜೋಟಿಯ ರೈತರೊಬ್ಬರನ್ನು ಹೆದರುತ್ತಲೇ ಕೇಳಿದೆ.

"ಮಗಗ ಹೆಣ್ಣು ನೋಡ್ಲಾಕ ಹೊಂಟೀನಿ. ಈಗ ಕೇಳ್ತಿಯಲ್ಲೋ ಮಾರಾಯ!"

ಅವರು ಸೈಕಲ್ ಇಳಿದರು. ನನ್ನ ಸ್ಟೂಲಿನ ಮೇಲೆ ಅರ್ಧ ತಾಸು ಕೂತರು, ನೀರು ಕುಡಿದರು, ಆಮೇಲೆ ಪಕ್ಕದ ಅಂಗಡಿಯ ಸೈಕಲ್ ಒಯ್ದರು.

ಮರುದಿನದಿಂದ ನಾನು ಯಾರನ್ನೂ ಕೇಳಲಿಲ್ಲ. ಖಾನೆ ಖಾಲಿ ಬಿಟ್ಟರೆ ಸಾಹೇಬರು ಸಿಟ್ಟಾಗುತ್ತಾರೆ. ವಸ್ತಿ ಎಂದು ನಾನೇ ಬರೆದರೆ, ಅಕ್ಕನ ಸಲುವಾಗಿ ಸುಳ್ಳು ಬರೆದ ಅಂದಾರು. ದೇವರ ಹೆಸರಿಗೆ ಯಾರ ತಕರಾರೂ ಇರುವುದಿಲ್ಲವೆಂದು ಎಲ್ಲರ ಹೆಸರಿನ ಮುಂದೆಯೂ "ಮಹಾದೇವರ ಗುಡಿ" ಎಂದು ಬರೆದೆ. ಸರಾಯಿ ಅಂಗಡಿಗೆ ಹೋದವರೂ ನನ್ನ ವಹಿಯಲ್ಲಿ ಭಕ್ತರಾದರು.

ತಿಂಗಳ ಮೇಲೆ ಸಾಹೇಬರು ವಹಿ ಓದಿ ಕೈ ಮುಗಿದೇಬಿಟ್ಟರು. ಎಂಥ ಭಕ್ತಿವಂತ ಊರು ಎಂದು ಮರಾಠಿಯಲ್ಲಿ ಹೊಗಳಿದರು. ಆಗಲಾದರೂ ಬಾಯಿ ಬಿಡಬೇಕಿತ್ತು. ಉಬ್ಬಿಹೋಗಿ ಚಹಾ ತರಿಸಿದೆ.

ಬಸ್ಸು ಬಂತು. ಊರಾಚೆಯ ಗುಡಿಗೆ ದಿನಕ್ಕೆ ನಾಲ್ಕು ಸಲ ಡ್ರೈವರು, ಕಂಡಕ್ಟರು ಇಬ್ಬರೇ ಹೋಗಿ ಪ್ರಸಾದ ತಿಂದು ಬರುತ್ತಿದ್ದರು. ನಿಜ ಹೇಳೋಣವೆಂದು ಓಡಿದರೆ ಸಾಹೇಬರಿಗೆ ಉದಗೀರಿಗೆ ವರ್ಗವಾಗಿತ್ತು.

ಕೊನೆಗೆ ಅಕ್ಕನ ಮುಂದೆ ಎಲ್ಲ ಹೇಳಿಕೊಂಡೆ. ಆಕೆ ಹಿಟ್ಟಿನ ಕೈಯನ್ನು ಹಣೆಗೆ ಬಡಿದುಕೊಂಡಳು.

"ಹೋಗೋವಾಗ ಕೇಳಬಾರದು, ಖರೆ. ಬಂದ ಮ್ಯಾಲ ಕೇಳಬಹುದಿತ್ತಲ್ಲೋ, ಖೋಡಿ! ಸೈಕಲ್ ತಿರುಗಿ ಕೊಡ್ಲಾಕ ನಿನ್ನ ಬಲ್ಲೇ ಬರ್ತಿದ್ರಲ್ಲ?"

ಇಡೀ ತಿಂಗಳಲ್ಲಿ ಇದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಮರುದಿನದಿಂದ ಅಕ್ಕನನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ನಾನೇ ಕರೆತರತೊಡಗಿದೆ. ಅಕ್ಕ ಹಗುರದ ಹೆಂಗಸಲ್ಲ. ಊರ ಮುಂದಿನ ದಿಬ್ಬದಲ್ಲಿ ನನಗೆ ಏದುಸಿರು ಬರುತ್ತಿತ್ತು. ಬೇಡವೆಂದರೂ ಕೇಳದೆ ಆಕೆ ಅಲ್ಲಿ ಇಳಿದು, ಆ ಮೊಣಕಾಲಿನಲ್ಲೇ ಕುಂಟುತ್ತ, ಹಿಂದಿನಿಂದ ತಳ್ಳಿ ನನ್ನನ್ನು ಸೈಕಲ್ ಸಮೇತ ದಿಬ್ಬ ಹತ್ತಿಸುತ್ತಿದ್ದಳು.