ಮೇ ನಾಲ್ಕರ ಹಾಜರಿ

ಆಂಟೋನ್ ವೀಬುಶ್‌ನ ಪತ್ರಗಳನ್ನು ಆರೇಳು ವರ್ಷ ಟೈಪು ಮಾಡಿದವಳು ನಾನು. ನಮ್ಮ ಕಾರ್ಮಿಕ ಸಂಘದಲ್ಲಿ ದೊಡ್ಡವರು ಚಿಕ್ಕವರೆನ್ನದೆ ಏಕವಚನವೇ ರೂಢಿ. ಅದಕ್ಕೇ ಇಲ್ಲಿಯೂ ಅವನನ್ನು ಅವನೆಂದೇ ಬರೆಯುತ್ತೇನೆ.

ಜರ್ಮನಿಯ ಹಾಗೆನ್ ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಅವನದು ಅಚ್ಚು ಕಟ್ಟುವ ಕೆಲಸ. ಮರಳು ಬಡಿದು ಅಚ್ಚು ಮಾಡಬೇಕು, ಅದಕ್ಕೆ ಕರಗಿದ ಉಕ್ಕು ಹೊಯ್ಯಬೇಕು. ಅಪ್ಪನೂ ಅದೇ ಕೆಲಸ ಮಾಡಿ ಎದೆ ಕೆಟ್ಟು ಸತ್ತಿದ್ದ. ವೀಬುಶ್‌ಗೆ ಇಪ್ಪತ್ತಾರು ತುಂಬುವಾಗಲೇ ಕಾರ್ಮಿಕರು ಅವನನ್ನು ತಮ್ಮ ಪರಿಷತ್ತಿಗೆ ಆರಿಸಿದರು. ಕುಲುಮೆಯ ಸದ್ದಿನ ಮೇಲೂ ಕೇಳಿಸುವ ಗಂಟಲು ಅವನದು. ಅವನು ಬರುವುದು ಕಂಡರೆ ಫೋರ್‌ಮನ್‌ಗಳು ಗಡಿಯಾರ ನೋಡುವ ನೆಪ ಮಾಡಿ ಆಚೆ ತಿರುಗುತ್ತಿದ್ದರಂತೆ.

1933ರ ಮೇ ಎರಡರಂದು ಹಿಟ್ಲರನ ಕಂದು ಅಂಗಿಯವರು ಸಂಘದ ಕಚೇರಿಗೆ ನುಗ್ಗಿದರು. ಹಿಂದಿನ ದಿನವೇ ವೀಬುಶ್ ಸದಸ್ಯರ ಹೆಸರುಗಳಿದ್ದ ತಗಡಿನ ಪೆಟ್ಟಿಗೆಯನ್ನು ಗೆಳೆಯ ಯೋಸೆಫ್ ಕ್ಲೆಫ್‌ನ ಹಿತ್ತಲಲ್ಲಿ, ಮೊಲದ ಗೂಡಿನ ಕೆಳಗೆ ಹೂತಿದ್ದ. ಅದು ಗೊತ್ತಿದ್ದದ್ದು ಮೂವರಿಗೆ: ವೀಬುಶ್, ಕ್ಲೆಫ್ ಮತ್ತು ಸಂಘದ ಖಜಾಂಚಿ ರೈನ್‌ಹೋಲ್ಡ್ ಟಾಪೆ. ಟಾಪೆ ಕಾರ್ಖಾನೆಯ ಕಚೇರಿಯಲ್ಲಿ ಗುಮಾಸ್ತ. ಮೇ ನಾಲ್ಕರ ಬೆಳಗ್ಗೆ ಬಂದ ಪೊಲೀಸರು ಕ್ಲೆಫ್‌ನ ಮನೆಯೊಳಗೆ ಕಾಲಿಡಲೇ ಇಲ್ಲ. ನೆಟ್ಟಗೆ ಮೊಲದ ಗೂಡಿಗೆ ಹೋದರು.

ಇಪ್ಪತ್ತಮೂರು ಮಂದಿ ಸಿಕ್ಕಿಬಿದ್ದರು. ಮೂರನೇ ವಾರ ಕ್ಲೆಫ್ ಜೈಲಿನಲ್ಲೇ ಸತ್ತ. ಅವನ ಹೆಂಡತಿ ಮಟಿಲ್ಡೆಗೆ ಕೊಟ್ಟ ಕಾಗದದಲ್ಲಿ ನ್ಯುಮೋನಿಯಾ ಎಂದಿತ್ತು. ಹೆಣದ ಬೆರಳುಗಳು ಬೇರೆಯೇ ಹೇಳುತ್ತಿದ್ದವು. ವೀಬುಶ್ ಮುಂದಿನ ಹಲ್ಲು ಕಳೆದುಕೊಂಡು ಎರಡೂವರೆ ವರ್ಷದ ಮೇಲೆ ಹೊರಬಂದ. ಯಾವ ಕಾರ್ಖಾನೆಯೂ ಅವನನ್ನು ಸೇರಿಸಿಕೊಳ್ಳಲಿಲ್ಲ. ಯುದ್ಧ ಮುಗಿಯುವವರೆಗೂ ಸ್ಮಶಾನದಲ್ಲಿ ಗುಂಡಿ ತೋಡಿದ. ಟಾಪೆಯ ಕೂದಲೂ ಕೊಂಕಲಿಲ್ಲ. ಅವನು ಕಚೇರಿಯಲ್ಲಿ ಮೇಲೆ ಮೇಲೆ ಏರುತ್ತಾ ಹೋದ.

ಬ್ರಿಟಿಷರು ಊರಿಗೆ ಬಂದ ವಾರವೇ ವೀಬುಶ್ ಸುಟ್ಟುಹೋಗಿದ್ದ ಕ್ಯಾಂಟೀನಿನಲ್ಲಿ ನಿಂತು ಸಂಘವನ್ನು ಮತ್ತೆ ಕಟ್ಟಿದ. ಕಾರ್ಮಿಕ ಪರಿಷತ್ತಿನ ಅಧ್ಯಕ್ಷನಾದ. ನಾನು ಕೆಲಸಕ್ಕೆ ಸೇರಿದ್ದು ಅದರ ಮುಂದಿನ ವರ್ಷ, 1946ರ ಮಾರ್ಚಿನಲ್ಲಿ. ಆ ತಿಂಗಳೇ ಟಾಪೆ ಬಂದ. ನಾಜಿಗಳ ಜೊತೆಗಿದ್ದವರೆಲ್ಲ ಕೆಲಸ ಉಳಿಸಿಕೊಳ್ಳಲು ‘ಈತ ಒಳ್ಳೆಯವನು’ ಎಂಬ ಪತ್ರಕ್ಕಾಗಿ ಅಲೆಯುತ್ತಿದ್ದ ಕಾಲ ಅದು. ಜೈಲು ಕಂಡು ಬಂದವನ ಸಹಿ ಸಿಕ್ಕರೆ ಬೇರೇನೂ ಬೇಕಿರಲಿಲ್ಲ.

“ಹಳೇ ಸ್ನೇಹ ಅಂತ ಬಂದಿದೀನಿ ಆಂಟೋನ್,” ಅಂದ ಟಾಪೆ, ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ. “ಆ ಪೆಟ್ಟಿಗೆ ವಿಷಯ ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ. ನನ್ನ ಮಕ್ಕಳ ಮೇಲಾಣೆ.”

“ಮಕ್ಕಳನ್ನ ಯಾಕೆ ಎಳೀತೀರಿ ಟಾಪೆಯವ್ರೇ, ಅವು ನಿಮಗೇನು ಮಾಡಿದ್ವು?” ಅಂದ ವೀಬುಶ್. ಅವನು ಬಹುವಚನ ಬಳಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ಬರೆದುಕೊಡ್ತೀನಿ. ಆದರೆ ಪ್ರತಿ ವರ್ಷ ಮೇ ನಾಲ್ಕು, ಬೆಳಗ್ಗೆ ಹತ್ತಕ್ಕೆ ಈ ಕೋಣೆಗೆ ಬರಬೇಕು. ಆ ಇಪ್ಪತ್ತಮೂರು ಹೆಸರು ನಿಂತ್ಕೊಂಡು ಓದಬೇಕು. ಅಷ್ಟೇ.”

ಟಾಪೆ ಒಪ್ಪಿದ. ಅವನು ಹೋದ ಮೇಲೆ, ಇಂಥವನಿಗೆ ಯಾಕೆ ಸಹಿ ಹಾಕಿದೆ ಎಂದು ಕೇಳಿದೆ.

“ಓಡಿಸಿದ್ರೆ ಬೇರೆ ಊರಿಗೆ ಹೋಗಿ ಹಾಯಾಗಿರ್ತಾನೆ ಫ್ರೀಡಾ. ನನಗೆ ಅವನು ಇಲ್ಲೇ ಬೇಕು. ಕೈಗೆ ಸಿಗೋ ಹಾಗೆ.”

ಪ್ರತಿ ಮೇ ನಾಲ್ಕರಂದು ಮಟಿಲ್ಡೆ ಕಪ್ಪು ಕೋಟು ಹಾಕಿಕೊಂಡು ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದಳು. ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಕೆಲಸ ಅವಳದು. ಟಾಪೆ ನಿಂತು ಓದುತ್ತಿದ್ದ. ಮೊದಲ ವರ್ಷ ರೇಷನ್ ಪಟ್ಟಿ ಓದಿದಂತೆ ಗಡಗಡನೆ ಓದಿದ. ಕ್ಲೆಫ್ ಹೆಸರು ಕೇಳಿಸಲಿಲ್ಲ, ಮತ್ತೆ ಮೊದಲಿಂದ ಓದಿ ಎಂದ ವೀಬುಶ್. ಕೆಲವು ವರ್ಷ ನಾಲ್ಕು ನಾಲ್ಕು ಸಲ ಓದಿಸಿದ. ಟಾಪೆಯ ಕಾಲರು ಬೆವರಿಗೆ ಒದ್ದೆಯಾಗುತ್ತಿತ್ತು. ಅವನು ಹೋದ ಮೇಲೆ ಮಟಿಲ್ಡೆ, ಸಾಕ್ಷಿ ಏನಾದರೂ ಸಿಕ್ಕಿತೇ ಎಂದು ಕೇಳುತ್ತಿದ್ದಳು. ಪೊಲೀಸ್ ಕಚೇರಿ ಬಾಂಬಿಗೆ ಸುಟ್ಟುಹೋಯಿತಲ್ಲ, ಎಲ್ಲಿಂದ ತರಲಿ ಎನ್ನುತ್ತಿದ್ದ ವೀಬುಶ್.

ಉಳಿದ ದಿನಗಳಲ್ಲಿ ಅವನಂಥ ಮುಖಂಡ ನಮ್ಮ ಊರಿಗೆ ಸಿಕ್ಕಿರಲಿಲ್ಲ. ಬ್ರಿಟಿಷರು ಯುದ್ಧದ ಪರಿಹಾರವೆಂದು ಯಂತ್ರಗಳನ್ನು ಬಿಚ್ಚಿಕೊಂಡು ಹೋಗಲು ಬಂದಾಗ ಗೇಟಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಒಂಬತ್ತು ದಿನ ಕೂತ. ಅಚ್ಚಿನ ಶೆಡ್ಡಿಗೆ ಧೂಳೆಳೆಯುವ ಯಂತ್ರ ಹಾಕಿಸಿದ. ಅಲ್ಲಿನವರ ಕೆಮ್ಮು ಕಡಿಮೆಯಾದದ್ದು ಅವನಿಂದ.

ಆಮೇಲೆ ಹೊಸ ಕಾನೂನು ಬಂತು. ನೌಕರರ ವಿಷಯ ನೋಡಿಕೊಳ್ಳುವ ನಿರ್ದೇಶಕನನ್ನು ಕಾರ್ಮಿಕರ ಒಪ್ಪಿಗೆಯಿಲ್ಲದೆ ಕೂರಿಸುವಂತಿಲ್ಲ. 1952ರ ಜೂನ್‌ನಲ್ಲಿ ಆ ಹುದ್ದೆಗೆ ಮಾಲೀಕರು ಟಾಪೆಯ ಹೆಸರು ಹೇಳಿದರು. ವೀಬುಶ್ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕಾರ್ಮಿಕರ ಎದುರು ಬಂದು ಮಾತಾಡಲಿ ಎಂದ. ಆಂಟೋನ್‌ನ ಸಿಟ್ಟು ಕೊನೆಗೂ ಇಳಿಯಿತು ಎಂದು ಟಾಪೆ ನನ್ನ ಹತ್ತಿರವೇ ಹೇಳಿಕೊಂಡ.

ಎರಕದ ದೊಡ್ಡ ಶೆಡ್ಡಿನಲ್ಲಿ ಎರಡು ಸಾವಿರ ಜನ ಸೇರಿದ್ದರು. ಟಾಪೆ ಹೊಸ ಸೂಟಿನಲ್ಲಿ ಭಾಷಣ ಬರೆದುಕೊಂಡು ಬಂದಿದ್ದ. ವೀಬುಶ್ ಅವನ ಕೈಗೆ ಬೇರೊಂದು ಕಾಗದ ಕೊಟ್ಟ.

“ಮೊದಲು ಇದನ್ನ ಓದಿಬಿಡಿ. ಅಕ್ಷರ ನಿಮ್ಮದೇ, ಕಷ್ಟ ಆಗಲ್ಲ.”

ಟಾಪೆ ಕಾಗದ ನೋಡಿದ. ಮಡಿಸಿ ವಾಪಸು ಕೊಡಲು ಹೋದ.

“ಓದಿ ಟಾಪೆಯವ್ರೇ. ಏಳು ಸಲ ಅಭ್ಯಾಸ ಮಾಡ್ಸಿದೀನಿ.”

ಅದು 1933ರ ಮೇ ಮೂರರಂದು ಪೊಲೀಸರಿಗೆ ಬರೆದ ಪತ್ರ. ಪೆಟ್ಟಿಗೆ ಎಲ್ಲಿದೆ, ಯಾರು ಹೂತರು, ಎಲ್ಲ ಇತ್ತು. ಕೆಳಗೆ ತನ್ನದೇ ಹೆಸರು ಓದುವಾಗ ಟಾಪೆಗೆ ಉಸಿರಷ್ಟೇ ಉಳಿದಿತ್ತು. ಯಾರೂ ಅವನ ಮೇಲೆ ಕೈ ಎತ್ತಲಿಲ್ಲ. ಜನ ಎರಡು ಸಾಲಾಗಿ ದಾರಿ ಬಿಟ್ಟರು. ಒಬ್ಬ ಅವನ ಬೂಟಿನ ಮೇಲೆ ಉಗಿದ. ಪಕ್ಕದವನೂ ಉಗಿದ. ಬಾಗಿಲು ಮುಟ್ಟುವವರೆಗೂ ಉಗಿದರು. ಆ ವಾರವೇ ಟಾಪೆ ಊರು ಬಿಟ್ಟ. ವೀಬುಶ್ ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕಿದ್ದನ್ನು ನಾನು ನೋಡಿದ್ದು ಆ ಒಂದು ದಿನ.

ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಕ್ಯಾಂಟೀನಿನ ಹೆಂಗಸರ ಗುಂಪಿನಿಂದ ಮಟಿಲ್ಡೆ ಬಂದಳು.

“ಈ ಕಾಗದ ನಿನಗೆ ಯಾವಾಗ ಸಿಕ್ತು?”

ಅವನು ಸುಳ್ಳು ಹೇಳಲಿಲ್ಲ. “ನಲವತ್ತೈದರಲ್ಲಿ. ಪೊಲೀಸ್ ಕಚೇರೀಲಿ ಸುಡದೆ ಉಳಿದ ಕಪಾಟಿನಲ್ಲಿ.”

“ಆವಾಗ ಇಂಥೋರನ್ನ ಕೋರ್ಟು ಒಳಗೆ ಹಾಕ್ತಿತ್ತು. ಈಗ ಯಾರು ಹಾಕ್ತಾರೆ?”

“ಒಂದೆರಡು ವರ್ಷ ಕೂತು ಬಂದಿರ್ತಿದ್ದ ಮಟಿಲ್ಡೆ. ಇವತ್ತಿನ ಹಾಗೆ ಆಗ್ತಿತ್ತಾ?”

“ಸತ್ತಿದ್ದು ನನ್ನ ಗಂಡ. ಏನಾಗ್ಬೇಕು ಅಂತ ಹೇಳೋಳು ನಾನು. ನೀನು ನನ್ನನ್ನ ಆ ಕುರ್ಚೀಲಿ ಕೂರ್ಸಿ, ನಿನ್ನ ಚಪಲ ತೀರಿಸ್ಕೊಂಡೆ.”

ಅವಳು ವಕೀಲರ ಹತ್ತಿರ ಹೋದಳು. ಕಾಲ ಮೀರಿತು ಎಂದರು. ಆ ವರ್ಷದ ಕೊನೆಗೆ ಪರಿಷತ್ತಿನ ಚುನಾವಣೆ ಬಂತು. ಮೂರು ವಾರ, ಪಾಳಿ ಬದಲಾಗುವ ಹೊತ್ತಿಗೆಲ್ಲ ಅವಳು ಗೇಟಿನಲ್ಲಿ ನಿಂತಳು. ಬಂದವರಿಗೆಲ್ಲ ಒಂದೇ ಮಾತು: ನನ್ನ ಗಂಡನನ್ನು ಕೊಲ್ಲಿಸಿದವನ ಸಾಕ್ಷಿಯನ್ನು ವೀಬುಶ್ ಏಳು ವರ್ಷ ಜೇಬಿನಲ್ಲಿಟ್ಟುಕೊಂಡಿದ್ದ. ವೀಬುಶ್ ದಿನವೂ ಅವಳ ಮುಂದೆಯೇ ಒಳಗೆ ಹೋಗುತ್ತಿದ್ದ. ಎದುರು ಮಾತಾಡಲಿಲ್ಲ, ಅವಳನ್ನು ಸರಿಸಿ ಎಂದು ಕಾವಲಿನವರಿಗೂ ಹೇಳಲಿಲ್ಲ. ನೂರ ಹನ್ನೆರಡು ಮತಗಳಿಂದ ಸೋತ.

ನಲವತ್ತೊಂಬತ್ತರ ವಯಸ್ಸಿನಲ್ಲಿ ಮತ್ತೆ ಮರಳಿಗೆ ಮಂಡಿಯೂರಿದ. ನಾನೊಮ್ಮೆ ಶೆಡ್ಡಿಗೆ ಹೋಗಿ, ಅವಳ ಹತ್ತಿರ ಕ್ಷಮೆ ಕೇಳು ಎಂದೆ.

“ಕೇಳಿದ್ರೆ ಸುಳ್ಳಾಗುತ್ತೆ,” ಅಂದ, ಮರಳು ಬಡಿಯುವುದನ್ನು ನಿಲ್ಲಿಸದೆ. “ಇನ್ನೊಂದ್ಸಲ ಸಿಕ್ಕಿದ್ರೂ ಹಾಗೇ ಮಾಡ್ತೀನಿ. ಅವಳು ಮಾಡಿದ್ದೂ ಸರೀನೇ.”

1961ರಲ್ಲಿ ಅವನು ತೀರಿಕೊಂಡ. ಅರ್ಧ ಊರೇ ಸ್ಮಶಾನಕ್ಕೆ ಬಂದಿತ್ತು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಮಟಿಲ್ಡೆಯೂ ಸಾಲಿನಲ್ಲಿದ್ದಳು. ಅವಳ ಸರದಿ ಬಂತು. ಗುಂಡಿಯೊಳಗೆ ಒಮ್ಮೆ ನೋಡಿದಳು, ಕೈಗವಸು ತೆಗೆಯದೆ, ಮಣ್ಣು ಮುಟ್ಟದೆ ದಾಟಿ ಹೋದಳು.